ಬಿರಿಯಾನಿ ಕರಿಯಪ್ಪ, ನಾಯಿಗುತ್ತಿ ಮತ್ತು ನಮ್ಮ ಮನೆಯ ಕುಳ್ಳ

‘ಕರ್ವಾಲೊ’ ಮೊದಲ ಸಲ ಓದಿದ್ದು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿ. ಪಕ್ಕದ ರೂಮಿನ ಶಿವಮೊಗ್ಗದ ಹುಡುಗ ಕೊಟ್ಟ ಪುಸ್ತಕ. ಮಂಚದ ಮೇಲೆ ಬಿದ್ದುಕೊಂಡು ಓದ್ತಾ ಇದ್ದವನು ಮಂದಣ್ಣ ಅನ್ನೋ ಹೆಸರು ಬಂದ ಕೂಡಲೇ ಎದ್ದು ಕೂತೆ. ನಮ್ಮ ಹುದಿಕೇರಿ ಕಡೆ ಸಂತೆಯಲ್ಲಿ ನಿಂತು ‘ಮಂದಣ್ಣ’ ಅಂತ ಕೂಗಿದ್ರೆ ನಾಲ್ಕು ತಲೆ ತಿರುಗುತ್ತವೆ. ಅಂಥ ಹೆಸರಿನವನು ತೇಜಸ್ವಿ ಪುಸ್ತಕದಲ್ಲಿ ಜೇನು ಹಿಡೀತಾ, ಪ್ಯೂನ್ ಕೆಲಸಕ್ಕೆ ಆಸೆ ಪಡ್ತಾ ಓಡಾಡ್ತಿದ್ದಾನೆ! ಇನ್ನೊಂದಷ್ಟು ಪುಟ ಹೋದ್ರೆ ಬಿರಿಯಾನಿ ಕರಿಯಪ್ಪ. ಮಂದಣ್ಣ ಆಯ್ತು, ಈಗ ಕರಿಯಪ್ಪ. ಇದು ನಮ್ಮವರದೇ ಕತೆ ಅಂದುಕೊಂಡು ಖುಷಿಪಟ್ಟೆ, ಸ್ವಲ್ಪ ಸಿಟ್ಟೂ ಬಂತು. ಕರಿಯಪ್ಪ ಅಂದ್ರೆ ನಮಗೆ ಫೀಲ್ಡ್ ಮಾರ್ಷಲ್. ಆ ಹೆಸರಿನ ಮುಂದೆ ಬಿರಿಯಾನಿ ಇಡೋದಾ?

ತಪ್ಪು ನನ್ನದು. ಕತೆ ನಡೆಯೋದು ಮೂಡಿಗೆರೆ ಕಡೆ, ಅವರು ಯಾರೂ ಕೊಡವರಲ್ಲ. ಈಗಿನ ಹುಡುಗರು ‘ಕರ್ವಾಲೊ’ ಕೈಗೆತ್ತಿಕೊಂಡ್ರೆ ಮಂದಣ್ಣ ಅಂದಾಗ ರಶ್ಮಿಕಾ ನೆನಪಾಗಿ ನಗ್ತಾರೇನೋ. ನನಗೆ ಮಾತ್ರ ಆ ತಪ್ಪು ಓದು ಇಷ್ಟು ವರ್ಷ ಬಿಡದೆ ಕಾಡಿದೆ. ಯಾಕಂದ್ರೆ, ಮಂದಣ್ಣ ನಮ್ಮವನಲ್ಲ ಅಂತ ನನಗೆ ಗೊತ್ತಾಗಿದ್ದು ಅವನ ಊರಿನಿಂದ ಅಲ್ಲ, ಅವನಿಗೆ ಮನೆಪೆದ ಇಲ್ಲದ್ದರಿಂದ.

ಮನೆಪೆದ ಅಂದ್ರೆ ಒಕ್ಕದ ಹೆಸರು, ಮನೆತನದ ಹೆಸರು. ನಮ್ಮಲ್ಲಿ ಮನುಷ್ಯನ ಹೆಸರು ಕಡಮೆ, ಮನೆ ಹೆಸರು ಜಾಸ್ತಿ. ಪೊನ್ನಪ್ಪ, ಬೆಳ್ಳಿಯಪ್ಪ, ಮುತ್ತಪ್ಪ, ಹೀಗೆ ಚಿನ್ನ ಬೆಳ್ಳಿ ಮುತ್ತು ಮುಗಿದ್ರೆ ಮತ್ತೆ ಮೊದಲಿಂದ. ನನ್ನ ಕ್ಲಾಸಿನಲ್ಲಿ ಮೂವರು ಪೊನ್ನಪ್ಪ ಇದ್ದರು. ಯಾವ ಪೊನ್ನಪ್ಪ ಅಂತ ಹೇಳೋದು ಮುಂದಿರುವ ಮನೆಪೆದ. ಅದರ ಕೊನೆಯ ‘ಂಡ’, ‘ರ’ ಅನ್ನೋದಕ್ಕೆ ‘ಇಂಥವರ’ ಅನ್ನೋ ಅರ್ಥ. ಕಾರ್ಯಪ್ಪನವರು ಕೊದಂಡೇರ ಮಾದಪ್ಪ ಕಾರ್ಯಪ್ಪ. ಮೊದಲು ಮನೆ, ಆಮೇಲೆ ಅಪ್ಪ, ಕೊನೆಗೆ ಅವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಹಾಕಿ ಹಬ್ಬದಲ್ಲಿ ಆಡೋದೂ ಊರಲ್ಲ, ಕ್ಲಬ್ ಅಲ್ಲ, ಒಕ್ಕಗಳು. ನನ್ನ ಆಫೀಸಿನ ಐಡಿ ಕಾರ್ಡಲ್ಲಿ ಈ ಮನೆಪೆದ ‘ಲಾಸ್ಟ್ ನೇಮ್’ ಆಗಿ ಹಿಂದಿನ ಸೀಟಿಗೆ ಹೋಗಿದೆ. ಅಜ್ಜ ನೋಡಿದ್ದರೆ ಕಾರ್ಡ್ ವಾಪಸ್ ಕೊಟ್ಟು ಬಾ ಅಂತಿದ್ದರು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಾನು ಓದಿದ್ದು ತೀರ ತಡವಾಗಿ, ಲಾಕ್‌ಡೌನಿನಲ್ಲಿ ಊರಿಗೆ ಬಂದು ಕೂತಿದ್ದಾಗ. ಹುದಿಕೇರಿ ಮಳೆ, ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ. ಅಷ್ಟು ದಪ್ಪದ ಪುಸ್ತಕಕ್ಕೆ ಬೇರೆ ಯೋಗ ಸಿಗಲ್ಲ. 1967ರ ಕಾದಂಬರಿ, ‘ಕರ್ವಾಲೊ’ 1980ರದು. ಅಪ್ಪ ಮಗ ಇಬ್ಬರೂ ಮಲೆನಾಡಿನ ಕಾಡಿಗೆ ಜನರನ್ನು ನುಗ್ಗಿಸಿ ಕತೆ ಹೇಳಿದವರು. ಆದರೆ ಹೆಸರಿನ ವಿಷಯದಲ್ಲಿ ಇಬ್ಬರ ದಾರಿ ಬೇರೆ ಬೇರೆ. ಈ ಬಗ್ಗೆ ವಿಮರ್ಶಕರು ಬರೆದಿದ್ದರೆ ನಾನು ಓದಿಲ್ಲ. ನನಗೆ ಕಂಡಿದ್ದು ಹೇಳ್ತೀನಿ.

‘ಮದುಮಗಳು’ನಲ್ಲಿ ಒಡೆಯರ ಹೆಸರು ನೋಡಿ. ಸಿಂಬಾವಿ ಭರಮೈ ಹೆಗ್ಗಡೆ, ಬೆಟ್ಟಳ್ಳಿ ದೇವಯ್ಯ, ಕೋಣೂರು ಮುಕುಂದಯ್ಯ. ಹೆಸರಿನ ಮುಂದೆ ಊರು, ಊರಿನ ಹಿಂದೆ ಗದ್ದೆ, ತೋಟ, ಆಳು. ನಮ್ಮ ಮನೆಪೆದ ಮಾಡೋ ಕೆಲಸವನ್ನೇ ಅಲ್ಲಿ ಊರು ಮಾಡುತ್ತೆ. ಈಗ ಆಳಿನ ಹೆಸರು ನೋಡಿ. ಗುತ್ತಿ. ಸಿಂಬಾವಿ ಹೆಗ್ಗಡೆಯವರ ಹೊಲೆಯರ ಆಳು. ಅವನು ತನ್ನ ನಾಯಿ ಬಿಟ್ಟು ಎಲ್ಲಿಗೂ ಹೋಗಲ್ಲ, ಅದಕ್ಕೇ ನಾಯಿಗುತ್ತಿ. ಒಡೆಯನ ಹೆಸರಿನ ಮುಂದೆ ಸಿಂಬಾವಿ ಇರೋ ಜಾಗದಲ್ಲಿ ಇವನ ಹೆಸರಿನ ಮುಂದೆ ನಾಯಿ ಇದೆ. ಅವನಿಗೆ ಈ ಲೋಕದಲ್ಲಿ ತನ್ನದು ಅಂತ ಇರೋ ಆಸ್ತಿ ಅದೊಂದೇ, ಮನೆಪೆದವೂ ಅದೇ.

ಆ ನಾಯಿಯ ಹೆಸರೇನು? ಹುಲಿಯ. ಮನುಷ್ಯನಿಗೆ ನಾಯಿಯ ಹೆಸರು, ನಾಯಿಗೆ ಹುಲಿಯ ಹೆಸರು. ಇದನ್ನು ಓದಿದ ದಿನ ನಾನು ಪುಸ್ತಕ ಕೆಳಗಿಟ್ಟು ಸುಮಾರು ಹೊತ್ತು ಮಳೆ ನೋಡ್ತಾ ಕೂತಿದ್ದೆ. ಕುವೆಂಪು ಇದನ್ನು ಎಲ್ಲೂ ಬೆರಳಿಟ್ಟು ತೋರಿಸಲ್ಲ. ಕತೆಯ ಕೊನೆಗೆ ಓಡಿಹೋಗೋ ಗುತ್ತಿ ತುಂಬಿದ ತುಂಗೆ ದಾಟ್ತಾನೆ, ಹುಲಿಯ ದಾಟಲ್ಲ. ಮದುಮಗಳಂತೆ ಆಚೆ ದಡ ಸೇರಿದ ತಿಮ್ಮಿ ಅವನ ಜೊತೆ ಇದ್ದಾಳೆ, ಹೆಸರಿನ ಮುಂದಿದ್ದದ್ದು ನೀರು ಪಾಲಾಗಿದೆ. ಆ ಪುಟಗಳಲ್ಲಿ ನಾಯಿಗಾಗಿ ಅತ್ತವರು ತುಂಬ ಜನ ಇದ್ದಾರೆ. ನನಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಪೆದ್ದು ಪ್ರಶ್ನೆ: ನಾಳೆಯಿಂದ ಇವನನ್ನು ಏನಂತ ಕರೀತಾರೆ?

ತೇಜಸ್ವಿ ಕಡೆ ಬಂದ್ರೆ ಗಾಳಿ ಹಗುರ. ಬಿರಿಯಾನಿ ಕರಿಯಪ್ಪನಿಗೆ ಹೆಸರು ಕೊಟ್ಟಿದ್ದು ಅವನ ಕೈರುಚಿ. ಯಾವ ಒಡೆಯನೂ ಅಲ್ಲ. ಎಂಗ್ಟ ಅನ್ನೋದು ವೆಂಕಟ ಊರ ಬಾಯಲ್ಲಿ ಸವೆದು ಆದ ಹೆಸರು. ಪ್ಯಾರ, ಮಂದಣ್ಣ, ಪ್ರಭಾಕರ, ಯಾರ ಹೆಸರಿನ ಮುಂದೆಯೂ ಊರಿಲ್ಲ, ಮನೆಯಿಲ್ಲ. ನಾಯಿಯ ಹೆಸರು ಕಿವಿ, ಅಷ್ಟೇ. ಕಾಡಿಗೆ ಹೊರಟ ಆ ಗುಂಪಿನಲ್ಲಿ ವಿಜ್ಞಾನಿ, ಜೇನು ಹಿಡಿಯೋನು, ಅಡುಗೆಯವನು, ನಾಯಿ ಎಲ್ಲರೂ ಒಂದೇ ಸಾಲಿನಲ್ಲಿ ನಡೀತಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ನನಗೆ ಬಹಳ ಇಷ್ಟವಾಗಿದ್ದು ಇದೇ. ಅವರು ಹುಡುಕಿ ಹೊರಟ ಹಾರುವ ಓತಿಯ ವಿಷಯದಲ್ಲೂ ಇದೇ ತಮಾಷೆ ಇದೆ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇವತ್ತೂ ಮರದಿಂದ ಮರಕ್ಕೆ ತೇಲೋ ಓತಿಗೆ ವಿಜ್ಞಾನ ಇಟ್ಟಿರೋ ಹೆಸರು ಡ್ರಾಕೊ ದುಸ್ಸುಮಿಯೇರಿ. 1837ರಲ್ಲಿ ಇಟ್ಟದ್ದು, ದುಸ್ಸುಮಿಯೆ ಅನ್ನೋ ಫ್ರೆಂಚ್ ವ್ಯಾಪಾರಿಯ ಹೆಸರಿನಲ್ಲಿ. ತೋಟದವರು ಕರೆಯೋದು ಅದು ಮಾಡೋ ಕೆಲಸ ನೋಡಿ, ಹಾರುತ್ತೆ, ಹಾರೋ ಓತಿ. ಬಿರಿಯಾನಿ ಕರಿಯಪ್ಪನ ಲೆಕ್ಕವೇ.

ಆದರೆ ‘ಮದುಮಗಳು’ ಓದಿ ಮುಗಿಸಿ ಮತ್ತೆ ‘ಕರ್ವಾಲೊ’ ತೆಗೆದಾಗ ಒಂದು ಚುಕ್ಕೆ ಕಾಣಿಸ್ತು. ಎಲ್ಲರ ಹೆಸರನ್ನೂ ಕರೆದು ಹೇಳೋ ನಿರೂಪಕನಿಗೇ ಹೆಸರಿಲ್ಲ. ಅವನು ಜಮೀನಿರೋ ಮನುಷ್ಯ, ‘ನಾನು’. ಬೇರೆಯವರನ್ನು ಹೆಸರು ಹಿಡಿದು ಕರೆಯೋನಿಗೆ ಸ್ವಂತ ಹೆಸರು ಹೇಳಿಕೊಳ್ಳೋ ಅಗತ್ಯ ಬರಲ್ಲ. ನಮ್ಮ ಅಜ್ಜನ ಹೆಸರನ್ನು ಲೈನ್‌ಮನೆಯ ಒಬ್ಬರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ತೇಜಸ್ವಿ ಮನೆ, ಊರುಗಳನ್ನು ಹೆಸರಿನಿಂದ ಕಿತ್ತು ಹಾಕಿ ಎಲ್ಲರನ್ನೂ ಸಮ ಮಾಡಿದ್ರು ಅಂದುಕೊಂಡಿದ್ದೆ. ಕರೆಯೋ ಬಾಯಿ ಯಾರದು ಅನ್ನೋದನ್ನು ಮಾತ್ರ ಅವರು ಹಾಗೇ ಬಿಟ್ಟಿದ್ದಾರೆ. ಅಪ್ಪ ಬಿಡಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ಓಟು ಅಪ್ಪನಿಗೆ. ತೇಜಸ್ವಿ ಫ್ಯಾನುಗಳು ಬೈಯಬಹುದು, ನಾನೂ ಫ್ಯಾನೇ.

ಹೆಸರು ನೀರಿನ ಹಾಗೆ ಇಳಿಜಾರಿಗೆ ಹರಿಯುತ್ತೆ ಅನ್ನೋದಕ್ಕೆ ನಮ್ಮ ಕೊಡಗಿಗಿಂತ ಒಳ್ಳೆ ಸಾಕ್ಷಿ ಬೇಡ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೇ ಸೈನ್ಯದಲ್ಲಿ ‘ಕಿಪ್ಪರ್’ ಅಂತ ಅಡ್ಡಹೆಸರು. ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರ್ಯಪ್ಪ ಅನ್ನೋಕೆ ನಾಲಿಗೆ ಹೊರಳದೆ ಇಟ್ಟದ್ದಂತೆ. ಕಿಪ್ಪರ್ ಅಂದ್ರೆ ಹೊಗೆ ಹಾಕಿದ ಮೀನು. ಜನರಲ್ ತಿಮ್ಮಯ್ಯ ‘ಟಿಮ್ಮಿ’ ಆದ್ರು. ಕೊಡಗೇ ಕೂರ್ಗ್ ಆಗಿರೋವಾಗ ಇನ್ನೇನು. ನಾವು ಅದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಳ್ತೀವಿ. ನನಗೂ ಕ್ಲೈಂಟ್ ಕಡೆಯವರು ಮೂರಕ್ಷರದ ಒಂದು ಹೆಸರಿಟ್ಟಿದ್ದಾರೆ, ಕಾಲ್‌ನಲ್ಲಿ ಕರೆದ ಕೂಡಲೇ ‘ಯೆಸ್’ ಅಂತೀನಿ. ಇನ್ನು ನಾವು ಇಟ್ಟ ಹೆಸರುಗಳು? ನಮ್ಮ ನಾಯಿ ಟೈಗರ್. ಹುಲಿಯನ ಇಂಗ್ಲಿಷ್ ಅವತಾರ. ತೋಟದ ಕೆಲಸಕ್ಕಿದ್ದ ಎರವರ ಹುಡುಗ ಕುಳ್ಳ.

ಅವನು ಕುಳ್ಳ ಅಲ್ಲ. ನನಗಿಂತ ಎರಡಿಂಚು ಎತ್ತರ. ನನಗೆ ಮೆಣಸಿನ ಬಳ್ಳಿಯ ಏಣಿ ಹತ್ತೋದು ಕಲಿಸಿದವನು. ಏಳೆಂಟು ವರ್ಷದ ಹುಡುಗನಾಗಿ ನಮ್ಮನೆಗೆ ಬಂದಾಗ ಅಜ್ಜ ಹಾಗೆ ಕರೆದರಂತೆ. ಆಮೇಲೆ ಅವನು ಬೆಳೆದ, ಹೆಸರು ಬೆಳೀಲಿಲ್ಲ. ಅದೇ ಲಾಕ್‌ಡೌನಿನಲ್ಲಿ ಒಂದು ದಿನ ಫೋನ್ ನಂಬರ್ ಜೋಡಿಸಬೇಕು ಅಂತ ಆಧಾರ್ ಕಾರ್ಡ್ ತಂದುಕೊಟ್ಟ. ನೋಡಿದ್ರೆ ಬೇರೆ ಹೆಸರು. ಒಳ್ಳೆ ಹೆಸರು, ಅವನ ಅಜ್ಜನದಂತೆ. ಇಲ್ಲಿ ಬರೆಯಲ್ಲ, ಅವನನ್ನು ಕೇಳಿಲ್ಲ. ಅದರ ಮುಂದೆ, ನನ್ನ ಕಾರ್ಡಿನಲ್ಲಿ ಮನೆಪೆದ ಇರಬೇಕಾದ ಜಾಗದಲ್ಲಿ, ‘ಪಣಿ ಎರವರ’ ಅಂತ ಇತ್ತು. ನಮ್ಮ ಕಡೆ ಪತ್ರಿಕೆಗಳಲ್ಲೂ ಹಾಗೇ ಬರುತ್ತೆ. ಕೊನೆಯಲ್ಲಿ ಅದೇ ‘ರ’. ನನಗೆ ಮನೆ, ಅವನಿಗೆ ಜಾತಿ.

ಮೂವತ್ತು ವರ್ಷ ಒಂದೇ ಅಂಗಳದಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ಟೈಗರ್ ಹೆಸರು ಮಾತ್ರ ಗೊತ್ತಿತ್ತು, ಅದರ ತಾಯಿಯ ಹೆಸರೂ ಗೊತ್ತಿತ್ತು.

ಮಾರನೇ ದಿನ ಕಾಫಿ ಕಣದ ಹತ್ತಿರ ಹೋಗ್ತಿದ್ದವನನ್ನು ಆ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ತಿರುಗಿದ, ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಅಂತ ನೋಡಿದ. ಆಮೇಲೆ ನಕ್ಕ.

“ಕುಳ್ಳ ಅಂತಲೇ ಕರೀರಿ, ಬೇಗ ಕೇಳ್ಸುತ್ತೆ” ಅಂದ.