ಪಿನ್ ಹಳೆಯದಾದರೆ ಬುಷ್ ಹೊಸದೇಕೆ?

ನಳದುರ್ಗ, ಉಮರ್ಗಾಗಳ ನಡುವೆ ಯೆಣೆಗೂರನ್ನು ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಗೆ ಹಿಂದೆ 9 ಎಂಬ ನಂಬರು, ಈಗ 65. ಈ ಡಾಂಬರಿನ ಮೇಲೆ ಸಲೀಸಾಗಿ ಓಡುವ ಲಾರಿ ಕಬ್ಬಿನ ಹಂಗಾಮಿನಲ್ಲಿ ಎರೆಹೊಲದ ಗಾಡಿದಾರಿಗೆ ಇಳಿದಾಗ ಮುಂದಿನ ಪಟ್ಟಾ (ಲೀಫ್ ಸ್ಪ್ರಿಂಗ್), ಅದರ ತುದಿಯ ಕಣ್ಣಿನೊಳಗಿನ ಬುಷ್, ನಡುವಿನ ಪಿನ್ ಎಲ್ಲಕ್ಕೂ ಪರೀಕ್ಷೆ. ಗನ್‌ಮೆಟಲ್ ಬುಷ್ ಇರುವುದೇ ಸವೆಯಲಿಕ್ಕೆ. ಗಟ್ಟಿ ಉಕ್ಕಿನ ಪಿನ್ ಉಳಿಯಲೆಂದೇ ಮೆತ್ತನೆಯ ಲೋಹ ಹಾಕುತ್ತಾರೆ. ಹೀಗಾಗಿ ಬುಷ್ ಮಾತ್ರ ಬದಲಿಸಿದರೆ ಸಾಕೆಂಬ ರೂಢಿ ಗ್ಯಾರೇಜುಗಳಲ್ಲಿ ಬೇರೂರಿದೆ. ಆದರೆ ಸವೆದ ಪಿನ್ನಿಗೆ ಹೊಸ ಬುಷ್ ತೊಡಿಸುವುದು ದುಡ್ಡನ್ನು ಹೊಳೆಗೆ ಸುರಿದಂತೆ ಎಂಬುದು ನನ್ನ ವಾದ.

ಬಿಚ್ಚಿದ ಪಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಉಗುರಾಡಿಸಿ ನೋಡಿ. ಪಟ್ಟಾದ ಮುಂಗಣ್ಣಿನಲ್ಲಿ ಚಾಸಿಯ ಭಾರ ಪಿನ್ನನ್ನು ಸದಾ ಕೆಳಕ್ಕೇ ಒತ್ತುವುದರಿಂದ ಕೆಳಬದಿ ಹೊಳೆಯುತ್ತಿರುತ್ತದೆ, ಬುಷ್ ಕೂತ ಜಾಗದ ಅಂಚಿನಲ್ಲಿ ಸಣ್ಣ ಮೆಟ್ಟಿಲು ಉಗುರಿಗೆ ಸಿಗುತ್ತದೆ. ಹೀಗೆ ಚಪ್ಪಟೆಯಾದ ಪಿನ್ನು ದುಂಡನೆಯ ಹೊಸ ಬುಷ್ಷಿನಲ್ಲಿ ಪೂರ್ತಿ ಕೂಡುವುದಿಲ್ಲ; ಅಂಚಿನ ಮೇಲೆ ಭಾರ ಬಿದ್ದು ಮೊದಲ ದಿನದಿಂದಲೇ ಆಟ ಶುರು. ಪಟ್ಟಾದ ಹಿಂಗಣ್ಣು ಶಾಕಲ್ ಎಂಬ ಕೊಂಡಿಯಲ್ಲಿ ತೂಗಾಡಬೇಕು, ಆದರೆ ಆಕ್ಸಲನ್ನು ತನ್ನ ಜಾಗದಲ್ಲಿ ಹಿಡಿದಿಡುವುದು ಬ್ರಾಕೆಟ್ಟಿಗೆ ಕಟ್ಟಿದ ಮುಂಗಣ್ಣು. ಅಲ್ಲಿ ಒಂದು ಬದಿ ಸಡಿಲಾದರೆ ಬ್ರೇಕ್ ಒತ್ತಿದಾಗ ಆ ಬದಿಯ ಗಾಲಿ ಹಿಂದಕ್ಕೆ ಸರಿಯುತ್ತದೆ, ಸ್ಟೇರಿಂಗ್ ಎಳೆಯುತ್ತದೆ, ಟೈರು ಅಂಚಿನಲ್ಲಿ ಸವೆಯುತ್ತದೆ. ಅದಕ್ಕೇ ಎರಡೂ ಬದಿಯ ಕೆಲಸ ಒಟ್ಟಿಗೇ ಆಗಬೇಕು.

ಗ್ರೀಸ್ ಸರಿಯಾಗಿ ಹೊಡೆದರೆ ಪಿನ್ನೇ ಸವೆಯದು ಎನ್ನುವವರಿದ್ದಾರೆ. ಮಾತು ನಿಜ, ಹೊಡೆಯುವ ರೀತಿ ತಪ್ಪು. ಲಾರಿ ಗಾಲಿಯ ಮೇಲೆ ನಿಂತಿರುವಾಗ ಒತ್ತಿದ ಗ್ರೀಸ್ ಪಿನ್ನಿನ ಮೇಲಿನ ಖಾಲಿ ಸಂದಿಗೆ ಹೋಗುತ್ತದೆ, ಭಾರ ಹೊತ್ತ ಕೆಳಬದಿ ಒಣಗಿಯೇ ಇರುತ್ತದೆ. ಚಾಸಿಗೆ ಜಾಕ್ ಕೊಟ್ಟು ಪಟ್ಟಾದ ಭಾರ ಇಳಿಸಿದರೆ ಮಾತ್ರ ಅಲ್ಲಿಗೂ ತಲುಪುತ್ತದೆ. ಹೊಸ ಬುಷ್ ಕೂಡಿಸುವಾಗ ಅದರ ತೂತು ಗ್ರೀಸ್ ದಾರಿಗೆ ಸರಿಹೊಂದದಿದ್ದರೆ ಈ ಶ್ರಮವೂ ವ್ಯರ್ಥ. ರಬ್ಬರ್ ಬುಷ್ಷಿನ ಗಾಡಿಗಳಿಗೆ ಇದು ಅನ್ವಯಿಸದು ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಅಲ್ಲಿ ಗ್ರೀಸ್ ಬೇಡ. ಆದರೆ ಬೋಲ್ಟನ್ನು ಗಾಲಿ ನೆಲಕ್ಕೂರಿ ಭಾರ ಬಿದ್ದ ಮೇಲೆಯೇ ಬಿಗಿಯಬೇಕು, ಇಲ್ಲವಾದರೆ ತಿರುಚಿಕೊಂಡ ರಬ್ಬರ್ ಬೇಗ ಹರಿಯುತ್ತದೆ.

ಇನ್ನು ಖರ್ಚಿನ ಮಾತು. ಮೈಕ್ರೋಮೀಟರ್ ಹಿಡಿದಾಗ ಪಿನ್ನಿನ ದಪ್ಪ ಮೇಲ್ಗೆಳಗೂ ಅಡ್ಡಕ್ಕೂ ಒಂದೇ ಬಂದು, ಅದು ಹೊಸದರ ಅಳತೆಗೂ ಸರಿಯಿದ್ದರೆ ಹಳೆಯದನ್ನೇ ಹಾಕಲಿ, ತಕರಾರಿಲ್ಲ. ಕಣ್ಣಂದಾಜಿನಲ್ಲಿ ‘ನಡೀತದ ಬಿಡ್ರಿ’ ಎಂದು ಉಳಿಸಿದರೆ ಅದೇ ಪಟ್ಟಾ ಬಿಚ್ಚುವ ಕೂಲಿ ಎರಡನೇ ಸಲ ತೆರಬೇಕಾದೀತು. ಅದೂ ಮುರುಮದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಸರತಿ ಇರುವ ದಿನಗಳಲ್ಲಿ. ಕಾರ್ಖಾನೆ ನಿಂತಿರುವ ಮಳೆಗಾಲದಲ್ಲೇ ಪಿನ್, ಬುಷ್ ಎರಡೂ ಬದಲಾಗಲಿ.