ಎಕ್ಸ್‌ರೇ ಬೆಳಕಿನಲ್ಲಿ ಡಿಸೆಂಬರಿನ ಸೂರ್ಯ

ಖಗೋಳದ ಲೆಕ್ಕದಲ್ಲಿ ಉತ್ತರಾಯಣ ಶುರುವಾಗುವ ಡಿಸೆಂಬರ್ 21ರ ಆಸುಪಾಸು, ಬಹರೈನಿನ ಮನಾಮಾದಲ್ಲಿ ನಡುಹಗಲಿನ ಸೂರ್ಯ ಕ್ಷಿತಿಜದಿಂದ ಸುಮಾರು 40 ಡಿಗ್ರಿ ಮಾತ್ರ ಮೇಲೇರುತ್ತಾನೆ. ಹಗಲು ಬರೀ ಹತ್ತೂವರೆ ಗಂಟೆ. ಬಿಸಿಲು ಹಿತವಾಗಿರುತ್ತದೆ. ಆದರೆ ಎಕ್ಸ್‌ರೇ ಬೆಳಕಿನಲ್ಲಿ ಕಾಣುವ ಸೂರ್ಯನಿಗೆ ನಮ್ಮ ಋತುಗಳ ಹಂಗಿಲ್ಲ.

ಆ ಸೂರ್ಯನನ್ನು ನೆಲದಿಂದ ನೋಡಲಾಗದು. ವಾತಾವರಣ ಎಕ್ಸ್‌ರೇಗಳನ್ನು ಮೇಲೆಯೇ ಹೀರಿಕೊಳ್ಳುತ್ತದೆ. 1949ರಲ್ಲಿ ವಿಜ್ಞಾನಿ ಹರ್ಬರ್ಟ್ ಫ್ರೀಡ್‌ಮನ್ ವಿ-2 ರಾಕೆಟ್‌ನಲ್ಲಿ ಉಪಕರಣ ಕಳಿಸಿ ಅವುಗಳನ್ನು ಅಳೆದರು. 2006ರಲ್ಲಿ ಹಾರಿದ ಜಪಾನಿನ ಹಿನೋಡೆ ಉಪಗ್ರಹದ ಎಕ್ಸ್‌ರೇ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಭೂಮಿಯ ನೆರಳು ಅದರ ನೋಟಕ್ಕೆ ಅಡ್ಡಬರುವುದು ಮೇ–ಆಗಸ್ಟ್ ನಡುವೆ. ಡಿಸೆಂಬರಿನಲ್ಲಿ ಆ ತೊಡಕಿಲ್ಲ.

ಮೊದಲ ಸಲ ನೋಡುವವರು ಚಿತ್ರದಲ್ಲಿ ದುಂಡನೆಯ ಬಿಂಬವನ್ನು ಹುಡುಕಬಾರದು. ಕಣ್ಣಿಗೆ ಕಾಣುವ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಎಕ್ಸ್‌ರೇ ಸೂಸುವಷ್ಟು ಬಿಸಿ ಅದಕ್ಕಿಲ್ಲ, ಹಾಗಾಗಿ ಅದು ಕಪ್ಪು. ಹೊಳೆಯುವುದು ಅದರ ಮೇಲಿನ ಕರೋನಾ, ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದ ಅನಿಲ. ಕಾಂತಕ್ಷೇತ್ರ ಆ ಅನಿಲವನ್ನು ಕಮಾನುಗಳಾಗಿ ಹಿಡಿದಿಟ್ಟಿರುತ್ತದೆ. ಅವುಗಳ ಎರಡೂ ಬುಡ ಎಲ್ಲಿ ಊರಿವೆ ಎಂದು ಗುರುತಿಸುವುದು ಒಳ್ಳೆಯ ಆರಂಭ. ಚಿತ್ರದ ಹೊಂಬಣ್ಣ ಆಮೇಲೆ ಸೇರಿಸಿದ್ದು; ಅಲ್ಲಿ ನೋಡಬೇಕಾದದ್ದು ಬೆಳಕಿನ ಏರಿಳಿತ.

ಕತ್ತಲ ಭಾಗಗಳೂ ಅಷ್ಟೇ ಮುಖ್ಯ. ಅವು ಕರೋನಾದ ರಂಧ್ರಗಳು. ಅಲ್ಲಿ ಕಾಂತರೇಖೆಗಳು ಹೊರಕ್ಕೆ ತೆರೆದುಕೊಂಡು, ವೇಗದ ಸೌರಮಾರುತ ಹೊರಡುತ್ತದೆ. ಸೂರ್ಯನ ಅಕ್ಷ 7.25 ಡಿಗ್ರಿ ವಾಲಿದ್ದರೂ, ಡಿಸೆಂಬರ್ ಮೊದಲ ವಾರದಲ್ಲಿ ಎರಡೂ ಧ್ರುವಗಳು ನಮಗೆ ಸಮನಾಗಿ ಕಾಣುತ್ತವೆ. ಎರಡು ತುದಿಗಳ ಕತ್ತಲನ್ನು ಹೋಲಿಸಲು ಇದು ತಕ್ಕ ಕಾಲ.

ಕಮಾನು, ಕತ್ತಲುಗಳ ಬಳಿಕ ಮೂರನೆಯದು, ಎಕ್ಸ್‌ರೇ ಏರಿಳಿತದ ಗ್ರಾಫ್ ಓದುವುದು. ಭಾರತದ ಸೌರನೌಕೆ ಆದಿತ್ಯ-ಎಲ್1ರ ಸೋಲೆಕ್ಸ್ ಮತ್ತು ಹೀಲಿಯೋಸ್ ಉಪಕರಣಗಳನ್ನು ರೂಪಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಅವು ಚಿತ್ರ ತೆಗೆಯುವುದಿಲ್ಲ, ಎಕ್ಸ್‌ರೇ ಕಣಗಳನ್ನು ಎಣಿಸುತ್ತವೆ. ಬಹರೈನಿಗೂ ಇಂಥ ಎಣಿಕೆಯ ನಂಟಿದೆ: ಯುಎಇ ಜೊತೆ ಸೇರಿ ರೂಪಿಸಿದ ಪುಟ್ಟ ಉಪಗ್ರಹ ಲೈಟ್-1 ಹಾರಿದ್ದು 2021ರ ಡಿಸೆಂಬರ್ 21ರಂದು, ಗುಡುಗುಮೋಡಗಳ ಗಾಮಾ ಮಿಂಚುಗಳನ್ನು ಹಿಡಿಯಲು.

ಸೌರಜ್ವಾಲೆ ಸಿಡಿದಾಗ ಗ್ರಾಫಿನ ಗೆರೆ ಹಾಲುಕ್ಕಿದಂತೆ ಥಟ್ಟನೆ ಏರಿ, ಮೆಲ್ಲಗೆ ಇಳಿಯುತ್ತದೆ. ಜ್ವಾಲೆಗಳ ಎ, ಬಿ, ಸಿ, ಎಂ, ಎಕ್ಸ್ ವರ್ಗಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಹತ್ತು ಪಟ್ಟು ಪ್ರಬಲ. ಗ್ರಾಫುಗಳು ಸಾಮಾನ್ಯವಾಗಿ ತೋರುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನು. ಬಹರೈನಿನವರು ಮೂರು ಗಂಟೆ ಕೂಡಿಸಿಕೊಳ್ಳಬೇಕು. 2023ರ ಡಿಸೆಂಬರ್ 31ರ ಎಕ್ಸ್5 ಜ್ವಾಲೆ ತುತ್ತತುದಿ ಮುಟ್ಟಿದ್ದು 21:55ಕ್ಕೆ, ಅಂದರೆ ಮನಾಮಾದಲ್ಲಿ ಹೊಸ ವರ್ಷದ ರಾತ್ರಿ 12:55ಕ್ಕೆ. ಇಂಥ ಜ್ವಾಲೆ ಕಿರುತರಂಗ ರೇಡಿಯೋವನ್ನು ಕೆಡಿಸುವುದು ಹಗಲಿರುವ ಕಡೆ ಮಾತ್ರ. ಕೊಲ್ಲಿ ಆಗ ಕತ್ತಲಲ್ಲಿತ್ತು.

ಅಭ್ಯಾಸಕ್ಕೆ ಡಿಸೆಂಬರ್ 16, ಬಹರೈನಿನ ರಾಷ್ಟ್ರೀಯ ದಿನದ ರಜೆ, ಅನುಕೂಲ. ಅಂದಿನಿಂದ ದಿನಕ್ಕೊಂದು ಚಿತ್ರ ಉಳಿಸಿಕೊಳ್ಳಬೇಕು. ಅಂದು ಎಡ ಅಂಚಿನಲ್ಲಿ ಮೂಡಿದ ಹೊಳೆಯುವ ತಾಣ ಸುಮಾರು ಎರಡು ವಾರದಲ್ಲಿ ಬಲ ಅಂಚು ಮುಟ್ಟುತ್ತದೆ. ಅಷ್ಟು ದಿನ ಬಾಳಿದ್ದರೆ, ಜನವರಿ 12ರ ಹೊತ್ತಿಗೆ ಮತ್ತೆ ಎಡಕ್ಕೆ ಬರುತ್ತದೆ. ಆಗ ಮೊದಲ ಚಿತ್ರದ ಪಕ್ಕ ಇಟ್ಟು ಕಮಾನುಗಳು ಎಷ್ಟು ಬದಲಾಗಿವೆ ಎಂದು ನೋಡಬಹುದು.