ರತ್ನವೂ ಇಲಿಯೂ: ಮಿಜುಕಿ ಶಿಗೇರುವಿನ ಚಿತ್ರಕಥೆಗಳು

ಸಾಯದೆ ಉಳಿದವನು ಸತ್ತವರ ಕಥೆಯನ್ನು ಹೇಗೆ ಹೇಳಬೇಕು? ಯುದ್ಧವನ್ನು ಕುರಿತ ಸಾಹಿತ್ಯದಲ್ಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ತಲೆದೋರುತ್ತದೆ. ಜಪಾನಿನ ಮಿಜುಕಿ ಶಿಗೇರು ಇದಕ್ಕೆ ಉತ್ತರವನ್ನು ಅರಸಿದ್ದು ಕಾವ್ಯದಲ್ಲಲ್ಲ, ಕಾದಂಬರಿಯಲ್ಲೂ ಅಲ್ಲ. ಬಾಲಕರ ವಿನೋದಕ್ಕೆಂದು ಬಗೆಯಲಾಗುವ ‘ಮಂಗಾ’ ಎಂಬ ಚಿತ್ರಕಥೆಯಲ್ಲಿ. ಆತನ ಅರ್ಧ ಶತಮಾನದ ಕೃಷಿಯನ್ನು ಒಟ್ಟಾಗಿ ನೋಡಿದಾಗ, ದೆವ್ವಗಳ ಕಥೆಗೂ ಯುದ್ಧದ ಕಥೆಗೂ ಒಂದೇ ಬೇರು ಇರುವುದು ಕಾಣುತ್ತದೆ.

ಮಿಜುಕಿ 1922ರಲ್ಲಿ ಹುಟ್ಟಿ, ತೊತ್ತೊರಿ ಪ್ರಾಂತದ ಸಕಾಯ್‌ಮಿನಾತೊ ಎಂಬ ಕಡಲತೀರದ ಊರಿನಲ್ಲಿ ಬೆಳೆದನು. ಬಾಲ್ಯದಲ್ಲಿ ‘ನೋನ್ನೋನ್‌ಬಾ’ ಎಂದು ಕರೆಯಲ್ಪಡುತ್ತಿದ್ದ ಮುದುಕಿಯೊಬ್ಬಳು ಆತನಿಗೆ ‘ಯೋಕಾಯ್’ಗಳ, ಎಂದರೆ ದೆವ್ವವೂ ಅಲ್ಲದ ದೇವರೂ ಅಲ್ಲದ ವಿಚಿತ್ರ ಜೀವಿಗಳ, ಕಥೆಗಳನ್ನು ಹೇಳಿದಳು. 1943ರಲ್ಲಿ ಸೈನ್ಯಕ್ಕೆ ಎಳೆಯಲ್ಪಟ್ಟು ನ್ಯೂ ಬ್ರಿಟನ್ ದ್ವೀಪದ ರಬಾಉಲ್ ಪ್ರದೇಶವನ್ನು ಸೇರಿದನು. ಅಲ್ಲಿ ಕಾವಲಿಗಿದ್ದ ತುಕಡಿಯ ಜೊತೆಗಾರರೆಲ್ಲ ಹತರಾದಾಗ ಆತನೊಬ್ಬನೇ ಪಾರಾಗಿ ಬಂದನು. ಹಾಗೆ ಬಂದವನಿಗೆ ದೊರೆತದ್ದು, ಸಾಯದೆ ಏಕೆ ಬಂದೆ ಎಂಬ ಮೇಲಧಿಕಾರಿಯ ಬೈಗುಳ. ಮುಂದೆ ಮಲೇರಿಯಾದಿಂದ ನರಳುತ್ತಿದ್ದಾಗ ಬಾಂಬುದಾಳಿಯಲ್ಲಿ ಎಡಗೈಯನ್ನು ಕಳೆದುಕೊಂಡನು.

1946ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಕೆಲಕಾಲ ‘ಕಾಮಿಶಿಬಾಯ್’ಗೆ ಚಿತ್ರಗಳನ್ನು ಬರೆದನು. ಬೀದಿಯಲ್ಲಿ ಚಿತ್ರಪಟಗಳನ್ನು ಒಂದೊಂದಾಗಿ ತೋರಿಸುತ್ತ ಕಥೆ ಹೇಳುವ ಕಲೆಯದು. ಆ ಕಸಬು ಅಳಿಯತೊಡಗಿದಾಗ, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿಗಾಗಿ ಚಿತ್ರಕಥೆ ಬರೆಯುತ್ತ ಕಡುಬಡತನದಲ್ಲಿ ಕಾಲ ಕಳೆದನು. 1965ರಲ್ಲಿ ಪ್ರಕಟವಾದ ‘ತೆರೆಬಿ-ಕುನ್’ ಕಥೆಗೆ ಕೊದಾನ್ಶಾ ಪ್ರಕಾಶನದ ಬಹುಮಾನ ಬರುವ ವೇಳೆಗೆ ಆತನಿಗೆ ನಲವತ್ತು ಮೀರಿತ್ತು. 1968ರಲ್ಲಿ ‘ಗೆಗೆಗೆ ನೊ ಕಿತಾರೊ’ ದೂರದರ್ಶನವನ್ನೇರಿದ ಮೇಲೆ ಆತನ ಹೆಸರು ಮನೆಮಾತಾಯಿತು.

ಕಿತಾರೊವಿನ ಮೂಲ ಮಿಜುಕಿಯದಲ್ಲ. 1930ರ ದಶಕದ ಕಾಮಿಶಿಬಾಯ್ ಕಥೆಯೊಂದರಿಂದ ಬಂದದ್ದು. ಆದರೆ ಮಿಜುಕಿ ಅದನ್ನು ತನ್ನದಾಗಿಸಿಕೊಂಡ ಬಗೆಯಲ್ಲಿ ಅರ್ಥವಿದೆ. ಅಳಿದುಹೋದ ಭೂತಕುಲದ ಕೊನೆಯ ಕುಡಿ ಈ ಬಾಲಕ, ಹೂಳಲ್ಪಟ್ಟ ತಾಯಿಯ ಗೋರಿಯಿಂದ ತೆವಳಿ ಹೊರಬಂದವನು, ಒಂದು ಕಣ್ಣಿಲ್ಲದವನು. ತನ್ನವರೆಲ್ಲ ಸತ್ತ ಸ್ಥಳದಿಂದ ಊನವಾದ ದೇಹವನ್ನು ಹೊತ್ತು ಎದ್ದುಬಂದ ಈ ಮಗುವಿನಲ್ಲಿ ಒಂದು ಕೈಯ ಸೈನಿಕನ ನೆರಳನ್ನು ಕಾಣುವುದು ಅತಿರೇಕವಾಗದು.

ಆ ನೆರಳು ನೇರವಾಗಿ ಮಾತನಾಡಿದ್ದು 1973ರ ‘ಸೋಯಿನ್ ಗ್ಯೊಕುಸಾಯ್ ಸೆಯೊ’ ಕೃತಿಯಲ್ಲಿ. ‘ಗ್ಯೊಕುಸಾಯ್’ ಎಂದರೆ ರತ್ನವು ಚೂರಾಗುವುದು. ಇಡಿಯಾದ ಹೆಂಚಾಗಿ ಉಳಿಯುವುದಕ್ಕಿಂತ ರತ್ನವಾಗಿ ಒಡೆಯುವುದು ಲೇಸೆಂಬ ಪ್ರಾಚೀನ ಚೀನೀ ಭಾವನೆಯಿಂದ ಈ ಪದ ಬಂದಿದೆ. 1943ರಲ್ಲಿ ಆತ್ತು ದ್ವೀಪದ ಪಡೆ ನಿರ್ನಾಮವಾದಾಗ ಜಪಾನಿನ ಸೇನೆ ಸೋಲನ್ನು ಮುಚ್ಚಲು ಇದನ್ನು ಬಳಸಿತು. ಮಿಜುಕಿಯ ಕಥೆಯಲ್ಲಿ ಪಡೆಯೊಂದು ವೀರಮರಣವನ್ನಪ್ಪಿತೆಂಬ ವರದಿ ಕೇಂದ್ರಕ್ಕೆ ಹೋಗಿದೆ. ಆದರೆ ಕೆಲವರು ಬದುಕಿದ್ದಾರೆ. ವರದಿಯನ್ನು ತಿದ್ದುವುದಕ್ಕಿಂತ ಬದುಕಿದವರನ್ನು ಸಾಯಿಸುವುದು ಅಧಿಕಾರಿಗಳಿಗೆ ಸುಲಭವಾಗಿ ತೋರುತ್ತದೆ. ಉಳಿದವರನ್ನು ಮತ್ತೆ ಸಾವಿನತ್ತ ಅಟ್ಟಲಾಗುತ್ತದೆ; ಲೇಖಕನ ಪ್ರತಿರೂಪವಾದ ಮಾರುಯಾಮಾ ಕೂಡ ಸಾಯುತ್ತಾನೆ.

ಕೃತಿಯ ನೂರಕ್ಕೆ ತೊಂಬತ್ತು ಪಾಲು ಸತ್ಯವೆಂದೂ, ವಾಸ್ತವದಲ್ಲಿ ಸುಮಾರು 80 ಮಂದಿ ಉಳಿದರೆಂದೂ ಮಿಜುಕಿಯೇ ಹೇಳಿದ್ದಾನೆ. ಹಾಗಿದ್ದರೆ ಈ ಬದಲಾವಣೆ ಸಾಕ್ಷ್ಯಕ್ಕೆ ಬಗೆದ ದ್ರೋಹವಲ್ಲವೆ? ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ: ಉಳಿದವರ ಅವಮಾನವೂ ಇತಿಹಾಸವೇ, ಅದು ಇಲ್ಲಿ ಮರೆಯಾಗಿದೆ. ಆದರೆ ನಾಯಕನನ್ನು ಉಳಿಸಿದ್ದರೆ ಓದುಗನು ಅವನೊಡನೆ ತಾನೂ ಪಾರಾಗಿ ನಿಟ್ಟುಸಿರುಬಿಡುತ್ತಿದ್ದನು. ಮಿಜುಕಿ ಆ ಸಮಾಧಾನವನ್ನು ನಿರಾಕರಿಸಿದನು. ಚಿತ್ರಶೈಲಿಯೂ ಇದಕ್ಕೆ ಹೊಂದಿದೆ. ಕಾಡು, ಕಡಲು, ಮರದ ಬೇರುಗಳು ಚುಕ್ಕೆಚುಕ್ಕೆಯಾಗಿ ಕೂಡಿ ಛಾಯಾಚಿತ್ರದಂತೆ ಮೂಡಿದ್ದರೆ, ಸೈನಿಕರು ಮಾತ್ರ ನಾಲ್ಕು ಗೆರೆಗಳ ನಗೆಗೊಂಬೆಗಳು. ಕೊನೆಯಲ್ಲಿ ಹೆಣಗಳಾದಾಗಲೇ ಅವರಿಗೂ ಆ ನಿಜರೂಪ ಬರುತ್ತದೆ. ಸತ್ತ ಮೇಲೆ ಅವರು ರತ್ನವಾಗಲಿಲ್ಲ, ಎಲುಬಾದರು.

1988–89ರಲ್ಲಿ ಎಂಟು ಸಂಪುಟಗಳಾಗಿ ಬಂದ ‘ಶೋವಾ’ ಯುಗದ ಇತಿಹಾಸದಲ್ಲಿ ಈ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ರಾಷ್ಟ್ರದ ಏಳುಬೀಳುಗಳನ್ನು ನಿರೂಪಿಸುವ ಹೊಣೆ ಇಲ್ಲಿ ಕಿತಾರೊವಿನ ಕಥೆಗಳ ‘ಇಲಿಮನುಷ್ಯ’ನದು. ಇವನು ಅರ್ಧ ಮನುಷ್ಯ, ಅರ್ಧ ಯೋಕಾಯ್. ಕೊಳಕ, ಲೋಭಿ, ಗೆದ್ದ ಕಡೆಗೆ ವಾಲುವವನು. ಇಂಥವನಿಗೆ ಇತಿಹಾಸದ ಪೀಠವನ್ನು ಕೊಟ್ಟದ್ದು ಬರಿಯ ಹಾಸ್ಯವಲ್ಲ. ಇಲಿಮನುಷ್ಯನು ರತ್ನವಾಗಿ ಒಡೆಯಲು ಎಂದೂ ಒಪ್ಪದವನು. ಮಾನವನ್ನು ಪ್ರಾಣಕ್ಕಿಂತ ಹಿರಿದೆಂದು ಸಾರಿದ ದೊಡ್ಡವರು ಪರರ ಪ್ರಾಣವನ್ನು ತೆತ್ತರು. ಮಾನವಿಲ್ಲದ ಇಲಿಯಾದರೋ ತನ್ನ ಪ್ರಾಣವನ್ನು ಉಳಿಸಿಕೊಂಡು ಕಥೆ ಹೇಳಿತು.

ಮಿಜುಕಿಯ ಯೋಕಾಯ್‌ಗಳು ಕಾಲಕ್ರಮದಲ್ಲಿ ವ್ಯಾಪಾರದ ಸರಕಾದದ್ದೂ ನಿಜ. ಸಕಾಯ್‌ಮಿನಾತೊವಿನ ಬೀದಿಯೊಂದರಲ್ಲಿ ಅವು ಕಂಚಿನ ಪ್ರತಿಮೆಗಳಾಗಿ ಸಾಲುಗಟ್ಟಿ ನಿಂತಿವೆ. ಪ್ರವಾಸಿಗಳು ಅವುಗಳ ತಲೆ ಸವರಿ ಹೋಗುತ್ತಾರೆ. 2007ರಲ್ಲಿ ಫ್ರಾನ್ಸಿನ ಆಂಗುಲೇಮ್ ಚಿತ್ರಕಥಾ ಉತ್ಸವದ ಶ್ರೇಷ್ಠ ಕೃತಿಯ ಪ್ರಶಸ್ತಿ ‘ನೋನ್ನೋನ್‌ಬಾ’ಕ್ಕೆ ಸಂದಿತು. 2015ರ ನವೆಂಬರ್ 30ರಂದು ತನ್ನ 93ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಸಾಯಲೆಂದು ಕಳುಹಿಸಲ್ಪಟ್ಟವನು ಅದಾದ ಮೇಲೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದನು. ಮುದುಕಿಯೊಬ್ಬಳು ಹೇಳಿದ ದೆವ್ವಗಳಿಗೂ, ಹೆಸರಿಲ್ಲದೆ ಕಾಡಿನಲ್ಲಿ ಕೊಳೆತ ಸೈನಿಕರಿಗೂ ಒಂದೇ ಪುಟದಲ್ಲಿ ಇಂಬುಕೊಟ್ಟದ್ದು ಆ ಬಾಳಿನ ಸಾಧನೆ.